ಕಾರ್ಖಾನೆಯೂ ಉಳಿಯಲಿ, ಕಿಟಕಿಯೂ ತೆರೆಯಲಿ

ಮೂವತ್ತೆರಡು ಮನೆಯವರ ಸಹಿ ಬಿದ್ದ ಅರ್ಜಿಯೊಂದು ನಮ್ಮಲ್ಲಿ ಸಿದ್ಧವಾಗಿದೆ. ಹೊಸೂರು ರಸ್ತೆ ಬಿಟ್ಟು ಒಳಕ್ಕೆ ತಿರುಗಿದರೆ ಸಿಗುವ, ಬೊಮ್ಮನಹಳ್ಳಿಯ ನಮ್ಮ ಗಲ್ಲಿಯ ಅರ್ಜಿ ಅದು. ಗಲ್ಲಿಯ ಕೊನೆಯಲ್ಲಿರುವ ಗಾರ್ಮೆಂಟ್ಸ್ ಕಾರ್ಖಾನೆಯ ಬಾಯ್ಲರ್ ಮತ್ತು ಜನರೇಟರ್ ಹೊಗೆಯ ಬಗ್ಗೆ ಮಾಲಿನ್ಯ ನಿಯಂತ್ರಣ ಮಂಡಳಿಗೆ ಬರೆದದ್ದು. ಗಲ್ಲಿಯಲ್ಲಿ ಎಲ್ಲರಿಗಿಂತ ಹೆಚ್ಚು ಹೊಗೆ ಕುಡಿಯುವ ಮನೆಯ ಸಹಿ ಮಾತ್ರ ಅದರಲ್ಲಿಲ್ಲ.

ಆ ಮನೆ ಕಾರ್ಖಾನೆಗೆ ಒತ್ತಿಕೊಂಡ ಬಾಡಿಗೆ ಕಟ್ಟಡದ ಮೂರನೇ ಮಹಡಿಯಲ್ಲಿದೆ. ಅಡುಗೆಮನೆಯ ಕಿಟಕಿಗೂ ಜನರೇಟರ್ ಪೈಪಿನ ಬಾಯಿಗೂ ನಡುವೆ ಹತ್ತು ಅಡಿ ಇದ್ದರೆ ಹೆಚ್ಚು. ಕರೆಂಟ್ ಹೋಗಿ ಜನರೇಟರ್ ಶುರುವಾದಾಗ ಮೊದಲು ಒಂದು ಉಂಡೆ ಕಪ್ಪು ಹೊಗೆ ಬರುತ್ತದೆ, ಆಮೇಲೆ ನೀಲಿ ಎಳೆ, ಆಮೇಲೆ ಕಣ್ಣಿಗೆ ಕಾಣದ ವಾಸನೆ. ಕಿಟಕಿಯ ಸಂದಿಗೆ ಆ ಮನೆಯಾಕೆ ಹಳೇ ಸೀರೆಯ ಅಂಚು ಹರಿದು ತುರುಕಿದ್ದಾಳೆ. ವಾರಕ್ಕೊಮ್ಮೆ ಅದನ್ನು ಕಿತ್ತು ಬಕೆಟ್ಟಿನಲ್ಲಿ ಅದ್ದಿದರೆ ನೀರು ಕಾಡಿಗೆ ಕದಡಿದ ಹಾಗಾಗುತ್ತದೆ. ನನ್ನ ಕಣ್ಣಾರೆ ನೋಡಿದ್ದೇನೆ.

ಅರ್ಜಿ ಹಿಡಿದು ಹೋದಾಗ ಆಕೆ ನನಗೆ ಕಾಫಿ ಕೊಟ್ಟಳು, ಹಾಳೆಯನ್ನು ಪೂರ್ತಿ ಓದಿದಳು, ಮಡಚಿ ವಾಪಸ್ ಕೊಟ್ಟಳು. "ಅಕ್ಕಾ, ನೀವು ಬರೆದಿರೋದೆಲ್ಲ ನಿಜ. ಆದ್ರೆ ಇದು ಹೋದ್ರೆ ಅವರು ಬಂದು ಬೀಗ ಹಾಕಿಸ್ತಾರೆ. ಆಮೇಲೆ ನಾನು ಎಲ್ಲಿ ಹೋಗ್ಲಿ? ಮಗನ ಫೀಸು ಕಟ್ಟೋದು ಇದೇ ಫ್ಯಾಕ್ಟರಿ ಸಂಬಳದಲ್ಲಿ." ಆಕೆ ಅದೇ ಕಾರ್ಖಾನೆಯ ಐರನಿಂಗ್ ವಿಭಾಗದಲ್ಲಿದ್ದಾಳೆ. ಹಗಲಿಡೀ ಆಕೆ ಬಟ್ಟೆಗೆ ಕೊಡುವ ಹಬೆ ಅದೇ ಬಾಯ್ಲರಿನದು, ಸಂಜೆ ಆಕೆಯ ಮನೆಗೆ ಬರುವ ಹೊಗೆಯೂ ಅದರದ್ದೇ.

ಆ ದಿನ ನನಗೆ ಉತ್ತರ ಹೊಳೆಯಲಿಲ್ಲ. ಎಷ್ಟೋ ದಿನ ಅದನ್ನೇ ಯೋಚಿಸಿ, ಓದಬೇಕಾದ್ದನ್ನು ಓದಿ, ಕೇಳಬೇಕಾದವರನ್ನು ಕೇಳಿ ಈ ಮನವಿ ಬರೆಯುತ್ತಿದ್ದೇನೆ. ಬೊಮ್ಮನಹಳ್ಳಿ, ಹೊಂಗಸಂದ್ರ, ಗಾರ್ವೇಭಾವಿಪಾಳ್ಯ, ಕೂಡ್ಲು, ಸಿಂಗಸಂದ್ರದ ನೆರೆಹೊರೆಯವರು ಓದಬೇಕು. ಪೀಣ್ಯದವರು, ವೈಟ್‌ಫೀಲ್ಡಿನವರು, ಬೊಮ್ಮಸಂದ್ರ, ಜಿಗಣಿಯವರು ಓದಿದರೂ ಅವರ ಬೀದಿಯ ಕತೆಯೇ ಇದರಲ್ಲಿ ಕಂಡೀತು.

ನಾನು ಕಾರ್ಖಾನೆಗಳ ವಿರೋಧಿಯಲ್ಲ. ಹನ್ನೊಂದು ವರ್ಷ ಗಾರ್ಮೆಂಟ್ಸ್‌ನ ಟೈಮ್ ಆಫೀಸಿನಲ್ಲಿ ಕೂತು ಹಾಜರಿ, ಓಟಿ, ಪಿಎಫ್ ಲೆಕ್ಕ ಬರೆದವಳು. ನಮ್ಮ ಮನೆ ನಿಂತದ್ದೂ ಆ ಸಂಬಳದಿಂದಲೇ. ಮಂಡ್ಯ, ರಾಮನಗರ, ಚಾಮರಾಜನಗರದ ಕಡೆಯಿಂದ ಬಂದ ಹೆಣ್ಣುಮಕ್ಕಳು ಮೊದಲ ಸಂಬಳದ ದಿನ ಊರಿಗೆ ಫೋನ್ ಮಾಡುವಾಗ ಅವರ ದನಿ ಹೇಗಿರುತ್ತದೆ ಅಂತ ನನಗೆ ಗೊತ್ತು. ಗದ್ದೆಯ ಪಹಣಿಯಲ್ಲಿ ಗಂಡನ ಹೆಸರು, ಅಪ್ಪನ ಹೆಸರು ಇತ್ತು. ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ತಮ್ಮ ಹೆಸರೇ ಇದೆ ಎಂಬುದು ಸಣ್ಣ ವಿಷಯವಲ್ಲ.

ಹಾಗೆಯೇ, ಕಾರ್ಖಾನೆಯ ಒಳಗೆ ಏನು ನಡೆಯುತ್ತದೆ ಎಂಬುದೂ ಗೊತ್ತು. ನಾನಿದ್ದ ಒಂದು ಕಡೆ, ತಪಾಸಣೆಗೆ ಬರುತ್ತಾರೆ ಎಂದು ತಿಳಿದ ದಿನ ಬಾಯ್ಲರಿಗೆ ಒಣ ಸೌದೆ ಮಾತ್ರ ಹೋಗುತ್ತಿತ್ತು. ಉಳಿದ ದಿನ ಹಸಿ ಸೌದೆ, ಜೊತೆಗೆ ಕಟಿಂಗ್ ವಿಭಾಗದ ಚಿಂದಿ. ಪಾಲಿಯೆಸ್ಟರ್ ಚಿಂದಿ ಉರಿದರೆ ಬರುವ ಹೊಗೆಗೆ ಒಂಥರಾ ಸಿಹಿ ಕಮಟು ಇರುತ್ತದೆ, ಗಂಟಲಲ್ಲೇ ಉಳಿಯುತ್ತದೆ. ಬಾಯ್ಲರ್ ನೋಡಿಕೊಳ್ಳುವವರಿಗೆ ಇದು ಗೊತ್ತಿತ್ತು, ನನಗೂ ಗೊತ್ತಿತ್ತು. ನಾನು ಆಗ ಬಾಯಿ ಬಿಡಲಿಲ್ಲ. ಅದಕ್ಕೇ ಈಗ ಬರೆಯುವುದು ನನ್ನ ಕರ್ತವ್ಯ ಅಂದುಕೊಂಡಿದ್ದೇನೆ.

ಹೊಗೆಯ ಮಾತು ಎತ್ತಿದಾಗಲೆಲ್ಲ ಮೊದಲು ಕೇಳಿಬರುವ ಮಾತು ಒಂದೇ: "ಇದು ಇಂಡಸ್ಟ್ರಿಯಲ್ ಏರಿಯಾ ಅಲ್ವಾ, ಹೊಗೆ ಇದ್ದೇ ಇರುತ್ತೆ." ಮನೆ ಮಾಲೀಕರು ಹೀಗೆ ಹೇಳುತ್ತಾರೆ, ಕಾರ್ಖಾನೆಯ ಸೆಕ್ಯೂರಿಟಿಯವರು ಹೇಳುತ್ತಾರೆ, ಓದಿದವರೂ ಹೇಳುತ್ತಾರೆ. ಒಂದು ಕಾಲಕ್ಕೆ ಕಾನೂನೂ ಇದನ್ನೇ ಹೇಳುತ್ತಿತ್ತು. 1994ರ ಮಾನದಂಡದಲ್ಲಿ ವಸತಿ ಪ್ರದೇಶಕ್ಕೆ ಒಂದು ಮಿತಿ, ಕೈಗಾರಿಕಾ ಪ್ರದೇಶಕ್ಕೆ ಬೇರೆ ಮಿತಿ. ಉಸಿರಿನೊಳಗೆ ಹೋಗುವ ದೂಳಿಗೆ ವರ್ಷದ ಸರಾಸರಿ ಮಿತಿ ವಸತಿ ಪ್ರದೇಶದಲ್ಲಿ ಘನ ಮೀಟರಿಗೆ 60 ಮೈಕ್ರೋಗ್ರಾಂ ಆದರೆ ಕೈಗಾರಿಕಾ ಪ್ರದೇಶದಲ್ಲಿ 120. ಅಂದರೆ ಕಾರ್ಖಾನೆ ಪಕ್ಕದಲ್ಲಿ ಬದುಕುವವರ ಶ್ವಾಸಕೋಶ ಎರಡರಷ್ಟು ದೂಳು ತಾಳಬೇಕು ಎಂದು ಸರ್ಕಾರವೇ ಬರೆದಿಟ್ಟಿತ್ತು.

2009ರ ನವೆಂಬರ್‌ನಲ್ಲಿ ಆ ಭೇದ ಹೋಯಿತು. ಈಗ ದೇಶದಲ್ಲಿ ಜಾರಿಯಲ್ಲಿರುವ ಮಾನದಂಡದ ಪ್ರಕಾರ ಕೈಗಾರಿಕೆ, ವಸತಿ, ಹಳ್ಳಿ ಎಲ್ಲದಕ್ಕೂ ದೂಳಿನ ಮಿತಿ ಒಂದೇ. ಉಸಿರಿನೊಳಗೆ ಹೋಗುವ ಆ ದೂಳು, ಅಂದರೆ ಪಿಎಂ10, ವರ್ಷಕ್ಕೆ 60, ದಿನಕ್ಕೆ 100. ತಲೆಗೂದಲಿಗಿಂತ ಎಷ್ಟೋ ಪಟ್ಟು ಸಣ್ಣದಾದ, ಶ್ವಾಸಕೋಶದ ತಳಕ್ಕಿಳಿದು ರಕ್ತಕ್ಕೂ ಸೇರಬಲ್ಲ ಪಿಎಂ2.5 ವರ್ಷಕ್ಕೆ 40, ದಿನಕ್ಕೆ 60. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ ಮಿತಿ ಇದಕ್ಕಿಂತ ಬಹಳ ಬಿಗಿ, ಪಿಎಂ2.5ಕ್ಕೆ ವರ್ಷಕ್ಕೆ ಬರೀ 5. ಅದು ದೂರದ ಮಾತಾಯಿತು. ನಮ್ಮದೇ ಕಾನೂನಿನ ಮಟ್ಟಿಗಾದರೂ ಬೊಮ್ಮನಹಳ್ಳಿಯ ಬಾಡಿಗೆ ಮನೆಯ ಮಗುವಿಗೂ ಜಯನಗರದ ಬಂಗಲೆಯ ಮಗುವಿಗೂ ಒಂದೇ ಗಾಳಿಯ ಹಕ್ಕು. ಶುದ್ಧ ಗಾಳಿ, ನೀರು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನಲ್ಲೇ ಸೇರಿದೆ ಎಂದು ಸುಪ್ರೀಂ ಕೋರ್ಟ್ 1991ರಲ್ಲೇ ಸುಭಾಷ್ ಕುಮಾರ್ ಪ್ರಕರಣದಲ್ಲಿ ಹೇಳಿದೆ. ಇನ್ನು ಮುಂದೆ ಯಾರಾದರೂ "ಇಂಡಸ್ಟ್ರಿಯಲ್ ಏರಿಯಾ" ಅಂದರೆ ದಯವಿಟ್ಟು ಸುಮ್ಮನಾಗಬೇಡಿ. 2009ಕ್ಕೇ ಆ ಮಾತು ಮುಗಿದಿದೆ ಎಂದು ಹೇಳಿ.

ಹಾಗಾದರೆ ತಪ್ಪುತ್ತಿರುವುದು ಎಲ್ಲಿ? ನನ್ನ ಇಡೀ ಮನವಿಯ ತಿರುಳು ಇಲ್ಲಿದೆ, ಸ್ವಲ್ಪ ತಾಳ್ಮೆಯಿಂದ ಓದಿ.

ಜನರೇಟರಿನ ಹೊಗೆ ಪೈಪು ಎಷ್ಟು ಎತ್ತರ ಇರಬೇಕು ಎನ್ನುವುದಕ್ಕೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಒಂದು ಲೆಕ್ಕ ಇದೆ. ಜನರೇಟರ್ ಎಷ್ಟು ಕೆವಿಎ ಎಂಬ ಸಂಖ್ಯೆಯ ವರ್ಗಮೂಲ ತೆಗೆದು 0.2ರಿಂದ ಗುಣಿಸಿ, ಅದು ಇರುವ ಕಟ್ಟಡದ ಎತ್ತರಕ್ಕೆ ಅಷ್ಟು ಮೀಟರ್ ಸೇರಿಸಿ. 100 ಕೆವಿಎ ಆದರೆ ಕಟ್ಟಡಕ್ಕಿಂತ 2 ಮೀಟರ್ ಮೇಲೆ, 400 ಕೆವಿಎ ಆದರೆ 4 ಮೀಟರ್ ಮೇಲೆ. ಹೈಸ್ಕೂಲು ಮಕ್ಕಳೂ ಹಾಕಬಲ್ಲ ಲೆಕ್ಕ. ಬೀದಿಯಲ್ಲಿ ನಿಂತು ಕಣ್ಣಳತೆಯಲ್ಲೇ ನೋಡಬಹುದು.

ನಾನೂ ನೋಡಿದೆ. ನಮ್ಮ ಗಲ್ಲಿಯ ಕಾರ್ಖಾನೆ ಎರಡು ಅಂತಸ್ತಿನದು. ಪೈಪು ಅದರ ತಾರಸಿಗಿಂತ ಎತ್ತರವಾಗಿಯೇ ಇದೆ, ಲೆಕ್ಕಕ್ಕೆ ಹೆಚ್ಚುಕಡಿಮೆ ಸರಿಹೋಗುತ್ತದೆ. ಆದರೆ ಕಾರ್ಖಾನೆ ಕಟ್ಟಿದ ಕಾಲಕ್ಕೆ ಪಕ್ಕದ ಸೈಟು ಖಾಲಿ ಇತ್ತು. ಈಗ ಅಲ್ಲಿ ಐದು ಅಂತಸ್ತಿನ ಬಾಡಿಗೆ ಕಟ್ಟಡ. ತಾರಸಿಯ ಮೇಲೆ ಆಕಾಶಕ್ಕೆ ಬಿಡಲೆಂದು ನಿಲ್ಲಿಸಿದ ಪೈಪು ಈಗ ಮೂರನೇ ಮಹಡಿಯ ಅಡುಗೆಮನೆಗೆ ಹೊಗೆ ಬಿಡುತ್ತಿದೆ. ಕಾರ್ಖಾನೆ ನಿಯಮ ಪಾಲಿಸಿದೆ, ಕಟ್ಟಡದವನು ಬಾಡಿಗೆ ಎಣಿಸುತ್ತಿದ್ದಾನೆ, ಉಸಿರಾಡುವವಳು ಕಿಟಕಿಗೆ ಸೀರೆ ತುರುಕುತ್ತಿದ್ದಾಳೆ.

ಇದು ಒಂದು ಪೈಪಿನ ಮಾತಾಯಿತು. ನಮ್ಮ ಗಲ್ಲಿಯ ಆಚೆ ಇನ್ನೊಂದು ಗಾರ್ಮೆಂಟ್ಸ್, ಅದರಾಚೆ ಪೌಡರ್ ಕೋಟಿಂಗ್, ಒಂದು ಬೇಕರಿಯ ಸೌದೆ ಒಲೆ, ನಾಲ್ಕು ಅಪಾರ್ಟ್‌ಮೆಂಟ್‌ಗಳ ಜನರೇಟರ್, ಹೊಸೂರು ರಸ್ತೆಯ ಲಾರಿ, ಬಸ್ಸು. ಪ್ರತಿ ಕಾರ್ಖಾನೆಗೂ ಮಂಡಳಿ ಬೇರೆಬೇರೆಯಾಗಿ ಕನ್ಸೆಂಟ್ ಕೊಡುತ್ತದೆ, ಮೊದಲು ಸ್ಥಾಪನೆಗೆ, ಆಮೇಲೆ ನಡೆಸುವುದಕ್ಕೆ. ಪ್ರತಿಯೊಂದಕ್ಕೂ ಅದರದ್ದೇ ಕಡತ, ಅದರದ್ದೇ ಮಿತಿ. ಒಂದೊಂದು ಚಿಮಣಿಯೂ ತನ್ನ ಕಡತದಲ್ಲಿ ಪಾಸಾಗುತ್ತದೆ. ಎಲ್ಲ ಚಿಮಣಿಗಳ ಹೊಗೆ ಕೂಡಿದಾಗ ಗಲ್ಲಿಯ ಗಾಳಿ ಪಾಸಾಯಿತೋ ಫೇಲಾಯಿತೋ ಎಂದು ಬರೆಯುವ ಕಡತ ಯಾವ ಮೇಜಿನ ಮೇಲೂ ನನಗೆ ಸಿಗಲಿಲ್ಲ. ಹೊಸ ಕಾರ್ಖಾನೆಗೆ ಒಪ್ಪಿಗೆ ಕೊಡುವಾಗ ಕೇಳಬೇಕಾದ ಪ್ರಶ್ನೆ, ಈ ಊರಿನ ಗಾಳಿಯಲ್ಲಿ ಇನ್ನೂ ಜಾಗ ಇದೆಯೇ ಎಂಬುದು. ಬಸ್ಸಿನಲ್ಲಿ ಸೀಟು ಇದೆಯೇ ಎಂದು ನೋಡದೆ ಟಿಕೆಟ್ ಕೊಡುತ್ತಾ ಹೋದರೆ ಕೊನೆಗೆ ಹತ್ತಿದವರನ್ನು ಬೈದು ಏನು ಪ್ರಯೋಜನ?

ಜಾಗ ಇದೆಯೇ ಎಂದು ತಿಳಿಯಲು ಅಳೆಯಬೇಕು. ನಮಗೆ ಹತ್ತಿರದ ನಿರಂತರ ಮಾಪನ ಕೇಂದ್ರ ಸಿಲ್ಕ್ ಬೋರ್ಡಿನದು. ಅದು ದೊಡ್ಡ ಜಂಕ್ಷನ್ನಿನ ಗಾಳಿಯನ್ನು ಅಳೆಯುತ್ತದೆ, ಅಳೆಯಬೇಕಾದ್ದೇ. ಆದರೆ ಕಾರ್ಖಾನೆ ಗಲ್ಲಿಯ ಒಳಗೆ ಬೆಳಗಿನ ಜಾವ ಬಾಯ್ಲರ್ ಹಚ್ಚಿದಾಗ ಏನಾಗುತ್ತದೆ ಎನ್ನುವುದು ಆ ಯಂತ್ರಕ್ಕೆ ಕಾಣುವುದಿಲ್ಲ. ಬೆಂಗಳೂರಿನ ಒಟ್ಟು ಸಂಖ್ಯೆ ನೋಡಿ, ದೆಹಲಿಗಿಂತ ವಾಸಿ ಎಂದು ಸಮಾಧಾನ ಮಾಡಿಕೊಳ್ಳುವುದಂತೂ ನಮ್ಮ ಊರಿನ ಹಳೇ ಚಾಳಿ. 2019ರಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮ ಶುರು ಮಾಡಿದಾಗ, ಮಾನದಂಡ ಮುಟ್ಟದ ನಗರಗಳ ಪಟ್ಟಿಯಲ್ಲಿ ಕರ್ನಾಟಕದ ನಾಲ್ಕಿದ್ದವು: ದಾವಣಗೆರೆ, ಹುಬ್ಬಳ್ಳಿ-ಧಾರವಾಡ, ಕಲಬುರಗಿ, ಮತ್ತು ನಮ್ಮ ಬೆಂಗಳೂರು.

2009ರ ಅಧಿಸೂಚನೆಯ ಕೊನೆಯಲ್ಲಿ ಒಂದು ಟಿಪ್ಪಣಿ ಇದೆ. ಸಣ್ಣ ಅಕ್ಷರದಲ್ಲಿರುವುದರಿಂದ ಯಾರೂ ಅದನ್ನು ಎತ್ತಿ ಆಡುವುದಿಲ್ಲ. ಎಲ್ಲೇ ಆಗಲಿ ಸತತ ಎರಡು ದಿನ ಅಳತೆ ಮಿತಿ ಮೀರಿದರೆ, ಅಲ್ಲಿ ನಿರಂತರ ಮಾಪನ ಶುರು ಮಾಡಿ ಹೆಚ್ಚಿನ ತನಿಖೆ ನಡೆಸಲು ಅಷ್ಟೇ ಸಾಕಾದ ಕಾರಣ ಎನ್ನುತ್ತದೆ ಅದು. ಎರಡೇ ದಿನ! ನಾವು ಕೇಳಬೇಕಾದ್ದು ಇದನ್ನೇ. ಬೊಮ್ಮನಹಳ್ಳಿಯ ಕಾರ್ಖಾನೆ ಗಲ್ಲಿಗಳಿಗೆ ಮಂಡಳಿಯ ಅಳತೆ ಯಂತ್ರ ಬರಲಿ. ಎರಡು ದಿನ ಅಳೆಯಲಿ. ಮಿತಿಯೊಳಗಿದ್ದರೆ ನನ್ನಷ್ಟು ಸಂತೋಷಪಡುವವರು ಇನ್ನೊಬ್ಬರಿಲ್ಲ. ಮೀರಿದರೆ ಟಿಪ್ಪಣಿ ಹೇಳಿದಂತೆ ಮುಂದಿನ ಕೆಲಸ ಆಗಲಿ. ಮಂಡಳಿಗೆ ಬೊಮ್ಮನಹಳ್ಳಿಯ ಹೆಸರಿನಲ್ಲೇ ಒಂದು ಪ್ರಾದೇಶಿಕ ಕಚೇರಿ ಇದೆ, ಅದರ ಅಧಿಕಾರಿಗಳಿಗೆ ಇದು ಹೊರೆಯಾಗಬಾರದು.

ಇದೆಲ್ಲ ಯಾಕೆ ಅಂದರೆ ಮಕ್ಕಳಿಗಾಗಿ. ಬೆಂಗಳೂರಿನ ಮಕ್ಕಳ ವೈದ್ಯ ಡಾ. ಎಚ್. ಪರಮೇಶ್ ತಮ್ಮ ಆಸ್ಪತ್ರೆಗೆ ಬರುವ ಮಕ್ಕಳಲ್ಲಿ ಎಷ್ಟು ಮಂದಿಗೆ ಅಸ್ತಮಾ ಇದೆ ಎಂದು ವರ್ಷಗಟ್ಟಲೆ ಲೆಕ್ಕ ಇಟ್ಟರು. 1979ರಲ್ಲಿ ಶೇ 9 ಇದ್ದದ್ದು 1999ರ ಹೊತ್ತಿಗೆ ಶೇ 29.5ಕ್ಕೆ ಏರಿತ್ತು. ಅದೇ ಇಪ್ಪತ್ತು ವರ್ಷದಲ್ಲಿ ನಗರದ ವಾಹನ, ಕಾರ್ಖಾನೆ ಎರಡೂ ಹೆಚ್ಚಿದವು ಎಂಬುದನ್ನು ಅವರು ಪಕ್ಕದಲ್ಲೇ ಇಟ್ಟು ತೋರಿಸಿದರು. ನಮ್ಮ ಗಲ್ಲಿಯ ಅಂಗನವಾಡಿಯಲ್ಲಿ ಮಕ್ಕಳ ಬ್ಯಾಗಿನಲ್ಲಿ ತಿಂಡಿ ಡಬ್ಬಿಯ ಪಕ್ಕ ಇನ್‌ಹೇಲರ್ ಇರುವುದು ಈಗ ಯಾರಿಗೂ ವಿಶೇಷ ಅನ್ನಿಸುವುದಿಲ್ಲ. ನನಗೆ ಅತಿ ಹೆಚ್ಚು ಸಂಕಟ ಕೊಡುವ ಸಂಗತಿ ಅದು.

ನ್ಯಾಯವಾಗಿ ಹೇಳಬೇಕಾದ ಮಾತೂ ಒಂದಿದೆ. ಹೊಗೆ, ದೂಳಿನ ದೊಡ್ಡ ಪಾಲು ಕಾರ್ಖಾನೆಯದಲ್ಲ. ಟೆರಿ ಎಂಬ ಸಂಶೋಧನಾ ಸಂಸ್ಥೆ 2010ರಲ್ಲಿ ಬೆಂಗಳೂರಿನ ಪಿಎಂ10 ಎಲ್ಲೆಲ್ಲಿಂದ ಬರುತ್ತದೆ ಎಂದು ಲೆಕ್ಕ ಹಾಕಿದಾಗ ವಾಹನಗಳದ್ದು ಶೇ 42, ರಸ್ತೆ ದೂಳಿನದು ಶೇ 20, ಕಟ್ಟಡ ಕಾಮಗಾರಿಯದು ಶೇ 14, ಕಾರ್ಖಾನೆಗಳದ್ದು ಶೇ 14, ಜನರೇಟರ್‌ಗಳದ್ದು ಶೇ 7. ಹಾಗಾಗಿ ಕಾರ್ಖಾನೆಯವರು "ನಮ್ಮನ್ನೇ ಯಾಕೆ ಹಿಡಿಯುತ್ತೀರಿ" ಎಂದು ಕೇಳಿದರೆ ಅದು ಸುಳ್ಳು ತಕರಾರಲ್ಲ. ವರ್ಷಗಟ್ಟಲೆ ಹೊಸೂರು ರಸ್ತೆಯ ಅಂಗಡಿಗಳವರು ಮೆಟ್ರೊ ಕಾಮಗಾರಿಯ ದೂಳು ತಿಂದರು. 2025ರ ಆಗಸ್ಟ್ 10ರಂದು ಹಳದಿ ಮಾರ್ಗ ತೆರೆದು ಬೊಮ್ಮನಹಳ್ಳಿ ನಿಲ್ದಾಣಕ್ಕೆ ರೈಲು ಬಂದ ಮೇಲೆ ರಸ್ತೆ ಮೇಲಿನ ಭಾರ ಸ್ವಲ್ಪ ಇಳಿಯುವ ಆಸೆ ಮೂಡಿದೆ. ಆದರೆ ಇಡೀ ನಗರದ ಸರಾಸರಿಯಲ್ಲಿ ಶೇ 7 ಆಗಿರುವ ಜನರೇಟರ್, ಅದರ ಪೈಪಿನಿಂದ ಹತ್ತು ಅಡಿ ದೂರದ ಅಡುಗೆಮನೆಗೆ ಶೇ 7 ಅಲ್ಲ. ಅದಕ್ಕೇ ಊರಿಗೊಂದು, ಗಲ್ಲಿಗೊಂದು ಅಳತೆ ಬೇಕು ಅನ್ನುತ್ತಿರುವುದು.

ನಮ್ಮ ಪಾಲನ್ನೂ ಒಪ್ಪಿಕೊಳ್ಳೋಣ. ಬೆಳಗ್ಗೆ ಎದ್ದು ಗಲ್ಲಿ ಗುಡಿಸಿದ ಕಸ, ಪ್ಲಾಸ್ಟಿಕ್ ಕವರು, ತೆಂಗಿನ ಗರಿ ಒಟ್ಟು ಮಾಡಿ ಮೂಲೆಯಲ್ಲಿ ಬೆಂಕಿ ಇಡುವವರು ಕಾರ್ಖಾನೆಯವರಲ್ಲ, ನಾವು. ಅರ್ಜಿಗೆ ಸಹಿ ಹಾಕುವ ಮೊದಲು ಆ ಬೆಂಕಿ ನಿಲ್ಲಿಸಿ.

ಈಗ ಮೂರನೇ ಮಹಡಿಯ ಆಕೆಯ ಪ್ರಶ್ನೆಗೆ ಬರುತ್ತೇನೆ. ಆಕೆಯ ಹೆದರಿಕೆ ಸುಳ್ಳಲ್ಲ. ವಾಯು ಮಾಲಿನ್ಯ ಕಾಯ್ದೆ 1981ರ ಕಲಂ 31ಎ ಪ್ರಕಾರ ಕಾರ್ಖಾನೆ ಮುಚ್ಚಿಸುವ, ಕರೆಂಟ್, ನೀರು ನಿಲ್ಲಿಸುವ ಅಧಿಕಾರ ಮಂಡಳಿಗಿದೆ. ಬೀಗ ಬಿದ್ದ ಉದಾಹರಣೆಯೂ ನಮ್ಮ ಊರಲ್ಲೇ ಇದೆ. ವೈಟ್‌ಫೀಲ್ಡ್ ಕಡೆಯ ಗ್ರಾಫೈಟ್ ಇಂಡಿಯಾ ಕಾರ್ಖಾನೆಯ ಸುತ್ತ ಐಟಿ ಕಂಪನಿ, ಅಪಾರ್ಟ್‌ಮೆಂಟ್ ಬಂದ ಮೇಲೆ ಅಲ್ಲಿನವರು ಮನೆಯ ನೆಲದ ಮೇಲೆ, ಗಿಡದ ಎಲೆಯ ಮೇಲೆ ಕಪ್ಪು ಪುಡಿ ಕೂರುತ್ತದೆ ಎಂದು ವರ್ಷಗಟ್ಟಲೆ ದೂರು ಕೊಟ್ಟರು. ವಿಷಯ ಸುಪ್ರೀಂ ಕೋರ್ಟ್‌ವರೆಗೂ ಹೋಯಿತು. 2019ರಲ್ಲಿ ಕಂಪನಿ ಆ ಘಟಕವನ್ನು ಮುಚ್ಚಿತು. ಇವತ್ತು ಅಲ್ಲಿನ ಸಿಗ್ನಲ್ಲಿಗೆ, ಬಸ್ ನಿಲ್ದಾಣಕ್ಕೆ ಆ ಹೆಸರು ಉಳಿದಿದೆ. ದೂರು ಕೊಟ್ಟವರಿಗೆ ಉಸಿರು ಸಿಕ್ಕಿತು, ಒಳಗೆ ದುಡಿಯುತ್ತಿದ್ದವರಿಗೆ ಕೆಲಸ ಹೋಯಿತು.

ಆ ಪ್ರಕರಣದಿಂದ ನಾನು ಕಲಿತದ್ದು ದೂರು ಕೊಡಬಾರದು ಎಂದಲ್ಲ. ಬಹಳ ತಡವಾದರೆ ನಡುವಿನ ದಾರಿಗಳೆಲ್ಲ ಮುಚ್ಚಿಹೋಗಿ ಬೀಗ ಒಂದೇ ಉಳಿಯುತ್ತದೆ. ಕೊಪ್ಪಳದಲ್ಲಿ ಕಂಡದ್ದೂ ಅದೇ ಬಗೆ. ಸುತ್ತಲ ಸ್ಪಂಜ್ ಐರನ್ ಕಾರ್ಖಾನೆಗಳ ಬೂದಿ ಬೆಳೆಯ ಮೇಲೆ, ಮನೆಯ ಮೇಲೆ ಬೀಳುವುದನ್ನು ಜನ ಎಷ್ಟೋ ಕಾಲ ಸಹಿಸಿದರು. 2025ರ ಫೆಬ್ರುವರಿಯಲ್ಲಿ ಇನ್ನೊಂದು ದೊಡ್ಡ ಉಕ್ಕಿನ ಕಾರ್ಖಾನೆಯ ವಿಸ್ತರಣೆ ವಿರೋಧಿಸಿ ಊರಿಗೆ ಊರೇ ಬಂದ್ ಮಾಡಿತು, ಗವಿಮಠದ ಸ್ವಾಮೀಜಿಯೂ ಬೀದಿಗಿಳಿದರು. ಹಳೆಯ ಹೊಗೆಗೆ ಕಾಲಕಾಲಕ್ಕೆ ಲೆಕ್ಕ ಕೊಟ್ಟಿದ್ದರೆ ವಿಸ್ತರಣೆಯ ಮಾತನ್ನು ಜನ ಕೂತು ಕೇಳುತ್ತಿದ್ದರೇನೋ.

ಬೀಗ ಹಾಕದೆಯೂ ಹೊಗೆ ಇಳಿಸಬಹುದು. ಅದಕ್ಕೆ ಸೂರತ್ ಸಾಕ್ಷಿ. ನಮ್ಮ ಹಾಗೆ ಅದೂ ಬಟ್ಟೆಯ ಊರು, ಅಲ್ಲಿನ ಕಾರ್ಖಾನೆಗಳೂ ಹಬೆಗಾಗಿ ಬಾಯ್ಲರ್ ಉರಿಸುತ್ತವೆ. 2019ರಲ್ಲಿ ಗುಜರಾತಿನ ಮಾಲಿನ್ಯ ನಿಯಂತ್ರಣ ಮಂಡಳಿ ಚಿಮಣಿಗಳಿಗೆ ನಿರಂತರ ಮಾಪಕ ಕೂರಿಸಿ, ನೂರೈವತ್ತಕ್ಕೂ ಹೆಚ್ಚು ಕಾರ್ಖಾನೆಗಳನ್ನು ಸೇರಿಸಿ ಎಲ್ಲಕ್ಕೂ ಕೂಡಿ ಇಷ್ಟೇ ದೂಳು ಎಂದು ಒಟ್ಟು ಮಿತಿ ಇಟ್ಟಿತು. ಕಡಿಮೆ ಹೊಗೆ ಬಿಟ್ಟವರು ತಮ್ಮ ಉಳಿಕೆ ಪಾಲನ್ನು ಹೆಚ್ಚು ಬಿಟ್ಟವರಿಗೆ ಮಾರಬಹುದು. ದೂಳಿನ ಹೊಗೆಗೆ ಇಂಥ ಮಾರುಕಟ್ಟೆ ಜಗತ್ತಿನಲ್ಲೇ ಮೊದಲನೆಯದು. ಅದರೊಳಗಿದ್ದ ಕಾರ್ಖಾನೆಗಳ ದೂಳು ಶೇ 20ರಿಂದ 30ರಷ್ಟು ಇಳಿಯಿತು. ಒಳಗಿದ್ದ ಕಾರ್ಖಾನೆಗಳು ನಡೆಯುತ್ತಲೇ ಇದ್ದವು. ಬೊಮ್ಮನಹಳ್ಳಿಗೂ ಬೊಮ್ಮಸಂದ್ರಕ್ಕೂ ಪೀಣ್ಯಕ್ಕೂ ಇದನ್ನು ಯಾಕೆ ಮಾಡಬಾರದು ಎಂದು ನಮ್ಮ ಮಂಡಳಿಯನ್ನು, ನಮ್ಮ ಶಾಸಕರನ್ನು ಕೇಳುವ ಹಕ್ಕು ನಮಗಿದೆ.

ಮುಚ್ಚಿಸುವ ಅಧಿಕಾರ ಹಾಗೇ ಇದ್ದರೂ ಕಾನೂನೂ ಸ್ವಲ್ಪ ಬದಲಾಗಿದೆ. 2024ರ ಏಪ್ರಿಲ್‌ನಿಂದ ವಾಯು ಕಾಯ್ದೆಯ ಹಲವು ತಪ್ಪುಗಳಿಗೆ ಜೈಲಿನ ಬದಲು 10 ಸಾವಿರದಿಂದ 15 ಲಕ್ಷ ರೂಪಾಯಿವರೆಗೆ ದಂಡ ಬಂದಿದೆ. ಇದರಿಂದ ದೊಡ್ಡವರು ದುಡ್ಡು ಕಟ್ಟಿ ಪಾರಾಗುತ್ತಾರೆ ಎನ್ನುವವರಿದ್ದಾರೆ, ಆ ಅನುಮಾನ ನನಗೂ ಇದೆ. ಆದರೆ ಐರನಿಂಗ್ ವಿಭಾಗದ ಹೆಣ್ಣುಮಗಳಿಗೆ ಒಂದು ಧೈರ್ಯವಂತೂ ಸಿಕ್ಕಿತು. ದೂರು ಎಂದರೆ ಬೀಗವೇ ಆಗಬೇಕಿಲ್ಲ, ದಂಡವೂ ಆಗಬಹುದು.

ಕಾರ್ಖಾನೆ ಮಾಲೀಕರಲ್ಲಿ ನನ್ನ ಕೋರಿಕೆ: ನಿಮ್ಮ ಪೈಪು ಕಾಗದದ ಲೆಕ್ಕಕ್ಕೆ ಸರಿಯಿದ್ದರೂ ಒಮ್ಮೆ ತಾರಸಿ ಹತ್ತಿ ಅದರ ಬಾಯಿ ಯಾರ ಕಿಟಕಿಯ ಕಡೆಗಿದೆ ಎಂದು ನೋಡಿ. ಇನ್ನೆರಡು ಮಹಡಿಯಷ್ಟು ಪೈಪು ಎತ್ತರಿಸುವ ಖರ್ಚು ಒಂದು ಕಂಟೇನರ್ ಮಾಲು ರಿಜೆಕ್ಟ್ ಆದ ನಷ್ಟಕ್ಕೆ ಹೋಲಿಸಿದರೆ ಏನೂ ಅಲ್ಲ, ನೀವೇ ಬಲ್ಲಿರಿ. ಬಾಯ್ಲರಿಗೆ ಹಸಿ ಸೌದೆ, ಚಿಂದಿ ಹಾಕಬೇಡಿ. ಕೊಳವೆ ಅನಿಲ ಬಂದ ಕಡೆ ಗ್ಯಾಸಿಗೆ ಬದಲಾಯಿಸಿ. 2023ರ ಜುಲೈನಿಂದ ತಯಾರಾಗುವ ಜನರೇಟರ್‌ಗಳಿಗೆ ಹೊಗೆಯ ನಿಯಮ ಬಹಳ ಬಿಗಿಯಾಗಿದೆ. ಹಳೆಯದನ್ನು ಬದಲಾಯಿಸುವ ವರ್ಷ ಯಾವುದು ಎಂದು ಈಗಲೇ ನಿಗದಿ ಮಾಡಿ. ವಿದೇಶದ ಬ್ರ್ಯಾಂಡುಗಳಿಗೆ ಹೊಲಿಯುವ ನಿಮ್ಮಲ್ಲಿಗೆ ಅವರ ಆಡಿಟ್‌ನವರು ಬಂದು ಕುಡಿಯುವ ನೀರು, ಶೌಚಾಲಯ, ಬೆಂಕಿಯ ಬಾಗಿಲು ನೋಡುತ್ತಾರೆ. ಪಕ್ಕದ ಮನೆಯ ಕಿಟಕಿಯನ್ನೂ ಆ ಪಟ್ಟಿಗೆ ನೀವೇ ಸೇರಿಸಿಕೊಳ್ಳಿ.

ನಿವಾಸಿಗಳೇ, ನಿಮ್ಮ ಕೈಯಲ್ಲಿ ನೀವು ಅಂದುಕೊಂಡಿದ್ದಕ್ಕಿಂತ ಹೆಚ್ಚು ಬಲ ಇದೆ. ಹತ್ತು ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಕೇಳಿದರೆ ಕಾರ್ಖಾನೆಯ ಕನ್ಸೆಂಟ್ ಪತ್ರದ ನಕಲು ಸಿಗಬೇಕು. ಅದರಲ್ಲಿ ಜನರೇಟರ್ ಎಷ್ಟು ಕೆವಿಎ, ಚಿಮಣಿ ಎಷ್ಟು ಎತ್ತರ, ಬಾಯ್ಲರಿಗೆ ಯಾವ ಇಂಧನ ಎಂಬ ಷರತ್ತು ನೋಡಿ. ವಾಯು ಕಾಯ್ದೆಯ ಕಲಂ 43ರ ಪ್ರಕಾರ ಮಂಡಳಿಗೆ 60 ದಿನದ ನೋಟಿಸ್ ಕೊಟ್ಟು ಸಾಮಾನ್ಯ ನಾಗರಿಕರೇ ಕೋರ್ಟಿನಲ್ಲಿ ದೂರು ಕೊಡಬಹುದು, ಅದಕ್ಕೆ ಬೇಕಾದ ವರದಿಗಳನ್ನು ಮಂಡಳಿ ಕೊಡಬೇಕಾಗುತ್ತದೆ. ಬಾಡಿಗೆಗೆ ಮಹಡಿ ಮೇಲೆ ಮಹಡಿ ಎಬ್ಬಿಸುವ ಕಟ್ಟಡ ಮಾಲೀಕರೂ ಕೇಳಿಸಿಕೊಳ್ಳಲಿ: ಪಕ್ಕದ ಚಿಮಣಿಗೆ ಎದುರಾಗಿ ಅಡುಗೆಮನೆ ಇಡುವವರಿಗೂ ಈ ಪಾಪದಲ್ಲಿ ಪಾಲಿದೆ. ಸ್ಥಳೀಯ ಆಡಳಿತವನ್ನು ಕೇಳೋಣವೆಂದರೆ, 2007ರವರೆಗೆ ಬೊಮ್ಮನಹಳ್ಳಿಗೆ ತನ್ನದೇ ನಗರಸಭೆ ಇತ್ತು. ಆಮೇಲೆ ಬಿಬಿಎಂಪಿ ಬಂತು, ಈಗ ದಕ್ಷಿಣ ನಗರ ಪಾಲಿಕೆ. ಹೆಸರು ಬದಲಾದಾಗಲೆಲ್ಲ ನಮ್ಮ ಅರ್ಜಿ ಹೊಸ ಮೇಜಿಗೆ ಹೋಗಿ ಕೂರುತ್ತದೆ. ಪಾಲಿಕೆ ಚುನಾವಣೆಗೆ ಮತ ಕೇಳಲು ಬರುವವರಿಗೆ ರಸ್ತೆ, ನೀರು, ಚರಂಡಿಯ ಜೊತೆ ಇದನ್ನೂ ಕೇಳಿ: ನಮ್ಮ ವಾರ್ಡಿನ ಗಾಳಿ ಅಳೆಯುವ ಯಂತ್ರ ಎಲ್ಲಿ?

ಗಾರ್ಮೆಂಟ್ಸ್‌ನ ನನ್ನ ಅಕ್ಕತಂಗಿಯರಿಗೆ ಹೇಳಬೇಕಾದ್ದು ಬೇರೆಯೇ ಇದೆ. 2016ರ ಏಪ್ರಿಲ್ 18 ನೆನಪಿದೆಯಲ್ಲ? ಪಿಎಫ್‌ನಲ್ಲಿ ಮಾಲೀಕರ ಪಾಲನ್ನು 58 ವರ್ಷ ತುಂಬುವ ತನಕ ತೆಗೆಯುವಂತಿಲ್ಲ ಎಂಬ ನಿಯಮದ ವಿರುದ್ಧ ನೀವು ಇದೇ ಬೊಮ್ಮನಹಳ್ಳಿಯಲ್ಲಿ ಹೊಸೂರು ರಸ್ತೆಗೆ ಬಂದು ಕೂತಿರಿ. ಕರೆ ಕೊಟ್ಟ ದೊಡ್ಡ ನಾಯಕರು ಯಾರೂ ಇರಲಿಲ್ಲ. ಮಾರನೇ ದಿನವೇ ಕೇಂದ್ರ ಸರ್ಕಾರ ನಿಯಮ ವಾಪಸ್ ತೆಗೆದುಕೊಂಡಿತು. ಆ ಎರಡು ದಿನ ಕೆಲವು ಕಡೆ ಕಲ್ಲು, ಬೆಂಕಿ ಆದದ್ದು ನನಗೆ ಇಷ್ಟವಿರಲಿಲ್ಲ, ಈಗಲೂ ಇಲ್ಲ. ಆದರೆ ದೆಹಲಿಯ ಕಡತವನ್ನು ಒಂದು ದಿನದಲ್ಲಿ ಬದಲಾಯಿಸಿದ ನಿಮಗೆ ಒಂದು ಪೈಪು ಎತ್ತರಿಸಿ ಎಂದು ಕೇಳಲು ಹೆದರಿಕೆ ಬೇಡ. ಈ ಸಲ ರಸ್ತೆಗೆ ಬರಬೇಕಾಗಿಲ್ಲ, ಸಹಿ ಸಾಕು.

ಅರ್ಜಿಯನ್ನು ಮತ್ತೆ ಬರೆದಿದ್ದೇನೆ. ಮೊದಲ ಸಾಲು ಹೀಗಿದೆ: "ನಾವು ಕಾರ್ಖಾನೆ ಮುಚ್ಚಿ ಎಂದು ಕೇಳುತ್ತಿಲ್ಲ." ಎರಡನೇ ಸಾಲಿನಲ್ಲಿ ಎರಡು ದಿನದ ಅಳತೆ, ಮೂರನೆಯದರಲ್ಲಿ ಪಕ್ಕದ ಕಟ್ಟಡಕ್ಕಿಂತ ಎತ್ತರದ ಪೈಪು, ನಾಲ್ಕನೆಯದರಲ್ಲಿ ಇಡೀ ಪ್ರದೇಶಕ್ಕೆ ಒಂದು ಒಟ್ಟು ಮಿತಿ. ಮೂರನೇ ಮಹಡಿಗೆ ಮತ್ತೆ ಹೋಗಿ ತೋರಿಸಿದೆ. ಆಕೆ ಮೊದಲ ಸಾಲನ್ನು ಎರಡು ಸಲ ಓದಿದಳು. "ಒಂದು ಕಾಪಿ ಕೊಡಿ ಅಕ್ಕಾ, ನಮ್ಮ ಸೆಕ್ಷನ್‌ನವರಿಗೆ ತೋರಿಸಿ ಆಮೇಲೆ ಹೇಳ್ತೀನಿ" ಅಂದಳು. ಮೂವತ್ಮೂರನೇ ಸಾಲನ್ನು ಆಕೆಗೆಂದು ಖಾಲಿ ಬಿಟ್ಟಿದ್ದೇನೆ.

ನಿಮ್ಮ ಗಲ್ಲಿಯ ಹಾಳೆಯನ್ನು ಈ ವಾರವೇ ಶುರು ಮಾಡಿ. ಒಂದು ನೋಟ್‌ಬುಕ್ ಸಾಕು. ಯಾವ ದಿನ, ಎಷ್ಟು ಹೊತ್ತಿಗೆ, ಯಾವ ಪೈಪಿನಿಂದ, ಹೊಗೆಯ ಬಣ್ಣ ಏನು, ಎಷ್ಟು ಹೊತ್ತು ಇತ್ತು ಎಂದು ಬರೆದಿಡಿ, ಫೋನಿನಲ್ಲಿ ಒಂದು ಫೋಟೊ ತೆಗೆದಿಡಿ. ಹದಿನೈದು ದಿನದ ಬರಹ ಕೈಯಲ್ಲಿ ಹಿಡಿದು ಮಂಡಳಿಯ ಕಚೇರಿಗೆ ಹೋಗಿ, ಅರ್ಜಿ ಕೊಟ್ಟು ಸ್ವೀಕೃತಿ ಸೀಲು ಹಾಕಿಸಿಕೊಂಡೇ ಬನ್ನಿ.